ಒಂದು ಗೇಣು ಹರಿಗೋಲು

ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಅನಾಹುತ ಶುರುವಾದ ಗಳಿಗೆಯನ್ನು ಇಷ್ಟು ನಿಖರವಾಗಿ ಹೇಳಬಲ್ಲೆ, ಏಕೆಂದರೆ ಆ ಗಳಿಗೆಯಲ್ಲಿ ನಾನು ಅದರ ಫೋಟೋ ತೆಗೆಯುತ್ತಿದ್ದೆ.

ಇವತ್ತು ಬೆಳಗ್ಗೆ ಹೊಸಪೇಟೆಯ ನಮ್ಮ ಬೀದಿಗೆ ಡಾಂಬರು ಹಾಕಲು ಬಂದಿದ್ದಾರೆ. ಎದುರುಮನೆಯವರು ಮೂಗು ಮುಚ್ಚಿಕೊಂಡು ಕಿಟಕಿಗಳನ್ನೆಲ್ಲ ಎಳೆದುಕೊಂಡರು. ನಾನು ನನ್ನದನ್ನು ತೆರೆದಿಟ್ಟು ಕೂತಿದ್ದೇನೆ. ಆ ವಾಸನೆಗೆ ನನಗೆ ಹಿತವಾದ ಆಕಳಿಕೆ ಬರುತ್ತದೆ. ಯಾಕೆಂದು ತಿಳಿಯಬೇಕಾದರೆ ಹಂಪಿಯ ಹೊಳೆಯವರೆಗೆ ನೀವು ನನ್ನ ಜೊತೆ ಬರಬೇಕು.

ನಾನು ಸಂಡೂರಿನ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ವಾರವಿಡೀ ಬಸ್ಸಿನಲ್ಲಿ ಅದಿರಿನ ಲಾರಿಗಳ ಕೆಂಧೂಳು ಕುಡಿದು, ಭಾನುವಾರ ಹೊಳೆದಂಡೆಯ ಬಂಡೆಯ ಮೇಲೆ ಕೂತು ಬರುವುದು ಹಳೆಯ ಚಟ. ಪುಸ್ತಕ ಒಯ್ಯುತ್ತೇನೆ, ಓದುವುದಿಲ್ಲ. ಅಲ್ಲಿ ಗಂಗಮ್ಮ ಮತ್ತು ಅವಳ ತಮ್ಮ ಹುಲುಗಪ್ಪ ಹರಿಗೋಲು ನಡೆಸುತ್ತಾರೆ. ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ಪ್ಲಾಸ್ಟಿಕ್ ಚೀಲದ ಹೊದಿಕೆ, ನೀರು ಒಳಬರದಂತೆ ಅದರ ಮೇಲೆ ಡಾಂಬರು. ಮಗನಿಗೆ ಅರ್ಧ, ಮಗಳಿಗೆ ಅರ್ಧ ಎಂದು ಹೇಳಿ ಅವರಪ್ಪ ತೀರಿಕೊಂಡಿದ್ದ. ದುಂಡಗಿನ ವಸ್ತುವಿನ ಅರ್ಧ ಯಾವುದೆಂದು ಜಗಳವಾಗಬಾರದೆಂದು ಅಂಚಿನ ಎರಡು ಕಡೆ ಕೆಂಪು ದಾರವನ್ನೂ ಕಟ್ಟಿದ್ದ. ಅವರಲ್ಲಿ ಒಂದು ರೂಢಿ: ವರ್ಷಕ್ಕೊಮ್ಮೆ ಪಾಲುಗಾರರು ತಂತಮ್ಮ ಅರ್ಧಕ್ಕೆ ತಾವೇ ಡಾಂಬರು ಬಳಿಯಬೇಕು. ಯಾರ ಕೈಯ ಡಾಂಬರೋ ಅವರದೇ ಪಾಲು.

ಒಂದು ವರ್ಷ ಹುಲುಗಪ್ಪ ಅಕ್ಕನನ್ನು ಕೇಳದೆ, ಅವಳು ನೀರು ಮೀಟುವ ಹುಟ್ಟನ್ನು ಯಾರಿಗೋ ಕೊಟ್ಟಿದ್ದ. ಮಾತು ನಿಂತಿತು. ಇಬ್ಬರೂ ಬೇರೆ ಬೇರೆ ದಿನ ಬಂದು ಬಳಿದರು. ಇನ್ನೊಬ್ಬರ ಪಾಲಿಗೆ ಕೈ ಹಾಕಿದೆ ಅನ್ನಿಸಿಕೊಳ್ಳಬಾರದೆಂದು ದಾರಕ್ಕಿಂತ ಆರು ಬೆರಳು ಈಚೆಗೇ ನಿಲ್ಲಿಸಿದರು. ಹೀಗೆ ನಟ್ಟನಡುವೆ ಒಂದು ಗೇಣು ಅಗಲದ ಪಟ್ಟಿ ಡಾಂಬರು ಕಾಣದೆ ಒಣಗಿಯೇ ಉಳಿಯಿತು. ಇಂಥ ಮರ್ಯಾದೆಯಿಂದ ಐದು ಜೀವ ಮುಳುಗಬಹುದೆಂದು ಯಾರಿಗೆ ಗೊತ್ತು?

ಅನಾಹುತದ ಆ ಭಾನುವಾರ ಸಂಜೆ ಗಂಗಮ್ಮ ಆಚೆ ದಡದ ಬಾಳೆತೋಟದಿಂದ ಕೂಲಿ ಹೆಂಗಸರು ನಾಲ್ವರನ್ನು ಕರೆತರುತ್ತಿದ್ದಳು. ನಡುಹೊಳೆಯಲ್ಲಿ ಹರಿಗೋಲು ಗಿರಗಿರ ತಿರುಗಿತು. ತಿರುಗುವುದು ಅದರ ಸ್ವಭಾವವಲ್ಲವೇ? ಹೆಂಗಸರು ಕೈ ಬೀಸಿದರು. ನಾನೂ ಬೀಸಿದೆ. ನಗುತ್ತಾ ಫೋಟೋ ತೆಗೆದೆ. ನನ್ನ ಹಿಂದಿನಿಂದ ಹುಲುಗಪ್ಪ ಹಗ್ಗ ಹಿಡಿದು ನೀರಿಗೆ ಹಾರಿದಾಗಲೇ ತಿಳಿದದ್ದು, ಅವರು ಬುತ್ತಿಡಬ್ಬಿಗಳಿಂದ ನೀರು ಎತ್ತಿ ಹಾಕುತ್ತಿದ್ದಾರೆಂದು. ಹರಿಗೋಲಿಗೆ ಹಗ್ಗ ಬಿಗಿದು ಎಳೆದ, ಐವರೂ ದಡ ಸೇರಿದರು. ಯಾರಿಗೂ ಏನೂ ಆಗಲಿಲ್ಲ. ಈಜಲು ಬಾರದ ನಾನು ಬಂಡೆಯ ಮೇಲೆ ಒಣಗಿಯೇ ಇದ್ದೆ. ಆದರೂ ಅಂದಿನಿಂದ ನನ್ನ ನಿದ್ದೆ ಹರಿಗೋಲಿನಂತಾಯಿತು: ಸುತ್ತುತ್ತದೆ, ದಡ ಸೇರುವುದಿಲ್ಲ.

ಮೂರು ವಾರ ಕಳೆದ ಮೇಲೆ ಹುಲುಗಪ್ಪ ಬಂಡೆಯ ಹತ್ತಿರ ಬಂದು ಕೂತ.

"ಮೇಡಂ, ಅಕ್ಕ ಪಾಲು ಒಲ್ಲೆ ಅಂತಾಳ್ರೀ. ಹುಟ್ಟು ಮುಟ್ಟಂಗಿಲ್ಲಂತ. ಆಕಿ ಪಾಲು ನೀವ ತಗೋರಿ."

"ನಾನೇ? ನನಗೆ ಈಜೂ ಬರೋದಿಲ್ಲ, ಹುಲುಗಪ್ಪ."

"ಹರಿಗೋಲಿಗೂ ಈಜು ಬರಂಗಿಲ್ರೀ. ತೇಲತೈತಿ, ಅಷ್ಟ."

ಹೆಣ್ಣಿನ ಪಾಲಿದೆ ಎಂಬ ಧೈರ್ಯಕ್ಕೇ ತೋಟದ ಹೆಂಗಸರು ಆ ಹರಿಗೋಲು ಹತ್ತುತ್ತಿದ್ದದ್ದು. ಈಗ ಹತ್ತುತ್ತಿರಲಿಲ್ಲ, ಸುತ್ತುದಾರಿಯಲ್ಲಿ ಹೋಗುವಷ್ಟರಲ್ಲಿ ಕೆಲಸ ಬೇರೆಯವರ ಪಾಲಾಗುತ್ತಿತ್ತು. ಹರಿಗೋಲು ದಂಡೆಯಲ್ಲಿ ಬೋರಲು ಬಿದ್ದಿತ್ತು. ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಈ ಕಡೆ 'ಬೇಕು', ಆ ಕಡೆ 'ಬೇಡ' ಎಂದು ಬರೆದೆ. ಬೇಡದ ಕಡೆ ಪುಟ ತುಂಬಿತು. ಬೇಕಿನ ಕಡೆ ಒಂದೇ ಸಾಲು: 'ನಾನು ನಗುತ್ತಾ ಕೈ ಬೀಸಿದ್ದೆ.'

ಮುಂದಿನ ಭಾನುವಾರ ಹಳೆಯ ಸೀರೆ ಉಟ್ಟು ಡಾಂಬರು ಬಳಿಯಲು ಹೋದೆ. ಗಂಗಮ್ಮ ಸುಮ್ಮನೆ ನೋಡಲು ಬಂದವಳಂತೆ ದೂರದ ಕಲ್ಲಿನ ಮೇಲೆ ಕೂತು ಎಲೆ-ಅಡಿಕೆ ಹಾಕಿಕೊಂಡಳು. ಕೋಲಿಗೆ ಸುತ್ತಿದ ಗೋಣಿಯನ್ನು ಬಿಸಿ ಡಾಂಬರಿಗೆ ಅದ್ದಿ ನಾನು ಹಚ್ಚತೊಡಗಿದೆ.

"ಏನ್ರೀ ಮೇಡಂ, ಪುಸ್ತಕಕ್ಕ ಗೋಂದು ಹಚ್ಚಿದಂಗ ಹಚ್ಚಾಕತ್ತೀರಿ?" ಗಂಗಮ್ಮ ಕಲ್ಲಿನ ಮೇಲಿಂದಲೇ ಕೂಗಿದಳು.

ನಾನು ತಲೆ ಎತ್ತಲಿಲ್ಲ. ಹೇಳಬೇಕಾದ್ದು ಆಗಲೇ ಬಾಯಿಗೆ ಬಂತು. "ಗಂಗಮ್ಮ, ಅವತ್ತು ನೀವು ಕರೆದಿರಿ. ನಾನು ಫೋಟೋ ತೆಗೆದೆ."

ಅವಳು ಪಿಚಕ್ಕನೆ ಉಗುಳಿ ನಕ್ಕಳು. "ನಿಮ್ಮನ್ನ ಯಾರು ಕರದ್ರು? ನಾವು ಕರದಿದ್ದು ಹುಲುಗ್ಯಾನ್ನ. ನೀವು ಬಂದಿದ್ರ ನಿಮ್ಮನ್ನೂ ಎತ್ತಬೇಕಾಗ್ತಿತ್ತು!"

ನಾನು ಗೋಣಿಯನ್ನು ಮತ್ತೆ ಡಾಂಬರಿಗೆ ಅದ್ದಿದೆ. ಅಷ್ಟರಲ್ಲಿ ಅವಳು ಎದ್ದು ಬಂದು ಕೋಲು ಕಿತ್ತುಕೊಂಡಳು. "ತರ್ರಿ ಇಲ್ಲಿ, ನೋಡಾಕಾಗವಲ್ದು." ನಾನು ಹಚ್ಚಿದ್ದರ ಮೇಲೆಯೇ ಮತ್ತೊಮ್ಮೆ ಬಳಿದಳು. ರೂಢಿಯ ಪ್ರಕಾರ ಪಾಲು ಅವಳ ಕೈಗೆ ವಾಪಸ್ಸಾಯಿತು. ಹುಲುಗಪ್ಪ ಕಂಡೂ ಕಾಣದವನಂತೆ ತನ್ನ ಅರ್ಧ ಬಳಿಯುತ್ತಿದ್ದ. ಇಬ್ಬರೂ ಕೆಂಪು ದಾರದ ಹತ್ತಿರ ಬಂದರು. ಇಬ್ಬರೂ ನಿಂತರು. ನಡುವೆ ಅದೇ ಒಂದು ಗೇಣು.

"ನೋಡು, ಮತ್ತ ಬಿಟ್ಟಿ."

"ನೀ ಬಿಟ್ಟಿಲ್ಲೇನಲೇ, ಹುಲುಗ್ಯಾ?"

ನಾನು ಗಂಗಮ್ಮನ ಕೈಯಿಂದ ಕೋಲು ತೆಗೆದುಕೊಂಡೆ. "ಇದು ನಂದು," ಎಂದೆ. ಆ ಕಡೆ ನಾಲ್ಕು ಬೆರಳು, ಈ ಕಡೆ ನಾಲ್ಕು ಬೆರಳು ಅವರ ಪಾಲಿನ ಮೇಲೂ ಬರುವಂತೆ, ಗೋಂದು ಹಚ್ಚುವವಳ ಶ್ರದ್ಧೆಯಿಂದಲೇ ದಪ್ಪಗೆ ಬಳಿದೆ.

"ಆತು ಬಿಡ್ರಿ. ವರ್ಷಾ ವರ್ಷಾ ಬಳ್ಯಾಕ ಬರಬೇಕು ಮತ್ತ," ಅಂದಳು ಗಂಗಮ್ಮ. ಒಣಗಿದ ಮೇಲೆ ಹುಟ್ಟು ಅವಳೇ ಹಿಡಿದಳು. ನನ್ನ ಆಸ್ತಿಯ ಮೇಲೆ ಸರಿಯಾಗಿ ನಡುವೆ ಕೂತು, ಕಣ್ಣು ಮುಚ್ಚಿಕೊಂಡು, ನಾನು ಮೊದಲ ಸಲ ಆಚೆ ದಡ ಮುಟ್ಟಿ ಬಂದೆ. ಮಾರನೆಯ ದಿನ ತೋಟದ ಹೆಂಗಸರು ಹತ್ತಿದರಂತೆ.

ಮಾರನೆಯ ದಿನದ ಸುದ್ದಿ ನನಗೆ ತಡವಾಗಿ ತಿಳಿಯಿತು. ಆ ಸೋಮವಾರ ನಾನು ಎದ್ದಾಗ ಬಿಸಿಲು ಹಾಸಿಗೆಯ ಮೇಲಿತ್ತು, ಸಂಡೂರಿನ ಬಸ್ಸು ಹೋಗಿಯಾಗಿತ್ತು, ಬಾಗಿಲ ಮುಂದಿನ ಹಾಲಿನ ಪ್ಯಾಕೆಟ್ಟನ್ನು ಬೆಕ್ಕು ಹರಿದು ಮುಗಿಸಿತ್ತು. ದಿಂಬಿನ ಮೇಲೆ ಡಾಂಬರಿನ ಹೆಬ್ಬೆಟ್ಟು. ರಾತ್ರಿ ಎಷ್ಟು ಗಂಟೆಗೆ ನಿದ್ದೆ ಹತ್ತಿತೆಂದು ಮಾತ್ರ ನನ್ನನ್ನು ಕೇಳಬೇಡಿ, ಗೊತ್ತಿಲ್ಲ.