ಉಪ್ಪಿನಕಾಯಿ ಇಷ್ಟ ಅಂದವರಿಗೆ ಕೆಲಸ ಇಲ್ಲ

‘ನಿಮಗೆ ತುಂಬಾ ಇಷ್ಟವಾದ ಊಟ ಯಾವುದು?’

ಈ ಪ್ರಶ್ನೆಗೆ ನಿಜ ಹೇಳಿದ್ದಕ್ಕೆ ಭಾಗ್ಯ ಅವರಿಗೆ ಕಳೆದ ತಿಂಗಳು ಒಂದು ಕೆಲಸ ತಪ್ಪಿತು.

ಭಾಗ್ಯ ಸಕಲೇಶಪುರದಲ್ಲಿ ನಮ್ಮ ಹಿತ್ತಲಿನ ಆಚೆಗಿನ ಮನೆಯವರು. ತವರು ಆಲೂರು ತಾಲ್ಲೂಕಿನ ಕುಂದೂರು ಕಡೆ. ಹಾಸನದ ಒಂದು ಲೇಡೀಸ್ ಹಾಸ್ಟೆಲ್‌ನ ಅಡುಗೆಮನೆಯನ್ನು ಆರು ವರ್ಷ ನೋಡಿಕೊಂಡವರು. ಅರವತ್ತು ಹುಡುಗಿಯರ ಊಟ, ತಿಂಡಿ, ಮುನಿಸು ಎಲ್ಲವೂ ಅವರದೇ ಜವಾಬ್ದಾರಿ. ದಿನಸಿ ಕೋಣೆಯ ಬೀಗದ ಕೈ ಅವರ ಬಳಿಯೇ ಇರುತ್ತಿತ್ತು. ಹಾಸ್ಟೆಲ್ ಮುಚ್ಚಿ ನಾಲ್ಕು ತಿಂಗಳಾಯಿತು. ಗಂಡ ಗೂಡ್ಸ್ ಆಟೊ ಓಡಿಸುತ್ತಾರೆ. ಮಗಳು ಈ ವರ್ಷ ಕಾಲೇಜಿಗೆ ಸೇರಬೇಕು. ಒಬ್ಬರ ದುಡಿಮೆಯಲ್ಲಿ ಅದು ಆಗುವ ಮಾತಲ್ಲ.

ಯಸಳೂರು ರಸ್ತೆಯ ಕಾಫಿ ಎಸ್ಟೇಟೊಂದರ ಹೋಂಸ್ಟೇಗೆ ಮ್ಯಾನೇಜರ್ ಬೇಕಾಗಿದ್ದಾರೆ ಎಂದು ತಿಳಿದು ಭಾಗ್ಯ ಇಂಟರ್‌ವ್ಯೂಗೆ ಹೋದರು. ಮಾಲೀಕರ ಹೆಸರು ಮಲ್ಲೇಶಣ್ಣ ಎಂದಿಟ್ಟುಕೊಳ್ಳಿ. (ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬದಲಿಸಿದ್ದೇನೆ, ಊಟ ಬದಲಿಸಿಲ್ಲ.) ದಿಢೀರನೆ ಹತ್ತು ಜನ ಗೆಸ್ಟ್ ಬಂದರೆ ಏನು ಮಾಡ್ತೀರಿ? ಕರೆಂಟ್ ಹೋದರೆ? ಅಡುಗೆಯವನು ರಜೆ ಹಾಕಿದರೆ? ಭಾಗ್ಯ ಎಲ್ಲಕ್ಕೂ ಉತ್ತರಿಸಿದರು. ಕೊನೆಗೆ ಬಂದದ್ದು ಇಷ್ಟದ ಊಟದ ಪ್ರಶ್ನೆ.

‘ಬಿಸಿ ಅನ್ನ, ಜೊತೆಗೊಂದು ಮಿಡಿ ಉಪ್ಪಿನಕಾಯಿ. ಅಷ್ಟಿದ್ರೆ ಇನ್ನೇನೂ ಬ್ಯಾಡ ಸಾರ್’ ಎಂದರಂತೆ.

ಮಲ್ಲೇಶಣ್ಣ ಪೆನ್ನಿಗೆ ಕ್ಯಾಪ್ ಹಾಕಿದರು. ಇಂಟರ್‌ವ್ಯೂ ಮುಗಿಯಿತು. ಗೇಟಿನ ಹತ್ತಿರ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ವಿಷಯ ತಿಳಿಸಿದರು: ಸ್ಟೋರಿನ ಬೀಗದ ಕೈ ಕೊಡುವಷ್ಟು ನಂಬಿಕೆ ಬರಲಿಲ್ಲವಂತೆ.

ಅಂದು ಸಂಜೆ ಭಾಗ್ಯ ನಮ್ಮ ಹಿತ್ತಲ ಬಾಗಿಲಿಗೆ ಬಂದರು. ‘ಕೆಲ್ಸ ಹೋದ್ರೆ ಹೋಗ್ಲಿ ಕಣಣ್ಣ, ಇನ್ನೊಂದು ಸಿಕ್ತದೆ. ನಂಬಂಗಿಲ್ಲ ಅಂದ್ಬುಟ್ರಲ್ಲ, ಅದು ಹೊಟ್ಟೆ ಉರಿಯೋದು. ಕೆಲ್ಸ ಯಾಕೆ ಸಿಕ್ಲಿಲ್ಲ ಅಂತ ಬೀದಿಯೋರು ಕೇಳ್ತಾರೆ. ಏನಂತ ಹೇಳ್ಲಿ? ಉಪ್ಪಿನ್‌ಕಾಯಿ ತಿಂತೀನಿ ಅದ್ಕೆ ಅನ್ಲಾ?’

ನನಗೆ ಸಂಶಯ ಬಂತು. ಉಪ್ಪಿನಕಾಯಿಯ ಮೇಲಲ್ಲ, ಪ್ರಶ್ನೆಯ ಮೇಲೆ.

ನಮ್ಮ ಕಡೆ ಊಟದ ಪ್ರಶ್ನೆ ಒಂಟಿಯಾಗಿ ಬರುವುದಿಲ್ಲ. ಬಾಡಿಗೆ ಮನೆ ಕೇಳಲು ಹೋದರೆ ಈಗ ಯಾರೂ ಜಾತಿ ಕೇಳುವುದಿಲ್ಲ. ಕಾಲ ಬದಲಾಗಿದೆ. ‘ಮನೇಲಿ ನಾನ್‌ವೆಜ್ ಮಾಡ್ತೀರಾ?’ ಎಂದಷ್ಟೇ ಕೇಳುತ್ತಾರೆ. ಇಲ್ಲ ಎಂದರೆ ‘ಮೊಟ್ಟೆ?’ ಎನ್ನುತ್ತಾರೆ. ಅದಕ್ಕೂ ಇಲ್ಲ ಎಂದರೆ ಮುಖ ಅರಳುತ್ತದೆ, ನೀರಿನ ಟ್ಯಾಂಕ್ ಎಲ್ಲಿದೆ ಎಂದು ತೋರಿಸುತ್ತಾರೆ. ಎರಡು ಪ್ರಶ್ನೆಯಲ್ಲಿ ತಾತನವರೆಗೆ ಹೋಗಿಬರುವ ವಿದ್ಯೆ ಇದು.

ಫೋನಿನಲ್ಲೂ ಇದೇ ಕತೆ. ‘ನಿಮಗೆ ದೋಸೆ ಇಷ್ಟವೋ, ಇಡ್ಲಿ ಇಷ್ಟವೋ? ನಿಮ್ಮ ಸ್ವಭಾವ ಹೇಳುತ್ತೇವೆ’ ಎಂದು ಯಾರೋ ಕೇಳುತ್ತಾರೆ. ನಾವು ಖುಷಿಯಿಂದ ದೋಸೆ ಒತ್ತುತ್ತೇವೆ. ‘ನೀವು ಹೃದಯವಂತರು’ ಎಂಬ ಉತ್ತರ ಬರುತ್ತದೆ. ಮರುದಿನ ಬೆಳಿಗ್ಗೆಯಿಂದ ನಾನ್‌ಸ್ಟಿಕ್ ತವಾದ ಜಾಹೀರಾತು ಶುರು. ಹೃದಯವಂತರಿಗೆ ತವಾ ಬೇಕೆಂದು ಅವರಿಗೆ ಹೇಳಿದವರು ಯಾರು?

ಮಲ್ಲೇಶಣ್ಣ ಶುದ್ಧ ಸಸ್ಯಾಹಾರಿ ಮನೆತನದವರು. ಅವರು ಕೇಳಿದ್ದು ಉಪ್ಪಿನಕಾಯಿಯನ್ನಲ್ಲ, ಅದರ ಹಿಂದಿರುವ ಮನೆಯನ್ನು ಎಂದು ನನಗೆ ಅನ್ನಿಸಿತು. ಆದರೆ ಅನ್ನಿಸಿದ್ದನ್ನು ಬರೆಯಬಾರದು, ಎರಡೂ ಕಡೆಯವರನ್ನು ಕೇಳಬೇಕು ಎಂಬುದು ಪತ್ರಿಕೆಯ ಡೆಸ್ಕಿನಲ್ಲಿ ಕಲಿತ ಮೊದಲ ಪಾಠ. ಮರುದಿನ ಯಸಳೂರು ಬಸ್ಸು ಹತ್ತಿದೆ.

ಮಲ್ಲೇಶಣ್ಣನಿಗೆ ನನ್ನ ಪರಿಚಯ ಉಂಟು. ಈ ಅಂಕಣ ಓದುತ್ತಾರೆ. ಕಾಫಿ ತರಿಸಿದರು. ನಾನು ಸುತ್ತಿ ಬಳಸದೆ ಕೇಳಿದೆ: ‘ಊಟದ ನೆಪದಲ್ಲಿ ಜಾತಿ ಕೇಳಿದಿರಾ?’

ಅವರು ಜೋರಾಗಿ ನಕ್ಕರು. ‘ಜಾತಿ ಕೇಳೋಕೆ ನಂಗ್ಯಾಕ್ರೀ ಉಪ್ಪಿನ್‌ಕಾಯಿ ಬೇಕು? ಕೇಳಂಗಿದ್ರೆ ನೇರವಾಗೇ ಕೇಳ್ತಿದ್ದೆ ಮಾರಾಯ್ರೆ! ನಮ್ ಅಡುಗೆ ಭಟ್ಟನ ಜಾತೀನೇ ನಂಗೆ ಇವತ್ತಿಗೂ ಗೊತ್ತಿಲ್ಲ. ಸಾರು ಚೆನ್ನಾಗಿ ಮಾಡ್ತಾನೆ, ಅಷ್ಟೇ.’

‘ಮತ್ತೆ ಉಪ್ಪಿನಕಾಯಿಗೆ ಏನಾಯಿತು?’

‘ಅದು ಬ್ಯಾರೆ. ಅದು ಸೈನ್ಸು.’

ಎದ್ದುಹೋಗಿ ಒಳಗಿನಿಂದ ಒಂದು ಹಾಳೆ ತಂದರು. ಹಳೆಯ ಪತ್ರಿಕೆಯ ತುಣುಕು. ಅಂಚು ಕಂದಿದೆ. ಮೇಲೆ ಹೊಸದಾಗಿ ಲ್ಯಾಮಿನೇಶನ್. ‘ನಮ್ಮಪ್ಪ ಕತ್ತರಿಸಿ ಇಟ್ಟಿದ್ದು. ನಾನು ಮೊದ್ಲು ನಂಬಿರ್ನಿಲ್ಲ. ಹೋದ ವರ್ಷ ಸ್ಟೋರಿನೋನು ಎರಡು ಮೂಟೆ ಮೆಣಸು ಜೀಪಿಗೆ ಹಾಕ್ಕೊಂಡು ಹೋಗ್ಬುಟ್ಟ. ಆಮೇಲೆ ಇದನ್ನ ತೆಗ್ದು ನೋಡ್ತೀನಿ, ಅವನದೇ ಜಾತಕ! ಊಟಕ್ಕೆ ಕೂತ್ರೆ ಮೂರು ಸಲ ಉಪ್ಪಿನ್‌ಕಾಯಿ ಕೇಳೋನು ಕಣ್ರೀ ಅವ್ನು.’

ಅವರ ಊಟದ ಮೇಜಿನ ಮೇಲೂ ಒಂದು ಉಪ್ಪಿನಕಾಯಿ ಜಾಡಿ ಇತ್ತು. ಅದನ್ನು ನೋಡಿದೆ.

‘ನಾನು ನೆಂಚ್ಕೊಳ್ತೀನಿ ಅಷ್ಟೇ. ಇಷ್ಟ ಅಂತೇನಿಲ್ಲ’ ಎಂದರು.

ಹಾಳೆ ಕೈಗೆ ತೆಗೆದುಕೊಂಡೆ. ತಲೆಬರಹ: ‘ನಿಮ್ಮ ತಟ್ಟೆಯಲ್ಲಿ ನಿಮ್ಮ ಸ್ವಭಾವ’. ಕೆಳಗೆ ‘ತಜ್ಞರ ಪ್ರಕಾರ’ ಎಂದು ಶುರು. ಮೂರನೆಯ ಸಾಲಿನಲ್ಲಿ ಇದಿತ್ತು: ‘ಉಪ್ಪಿನಕಾಯಿ ಪ್ರಿಯರು ಮೇಲ್ನೋಟಕ್ಕೆ ಸರಳ. ಆದರೆ ಬಚ್ಚಿಡುವ ಸ್ವಭಾವದವರು. ಇವರ ಕೈಗೆ ಬೀಗದ ಕೈ ಕೊಡುವ ಮುನ್ನ ಎರಡು ಸಲ ಯೋಚಿಸಿ.’

ಆ ಸಾಲನ್ನು ಇನ್ನೊಮ್ಮೆ ಓದಿದೆ.

ಆ ತಜ್ಞರು ಎಷ್ಟು ಜನ ಎಂಬುದು ನನಗೆ ಗೊತ್ತು. ಒಬ್ಬರೇ. ವಯಸ್ಸು ಇಪ್ಪತ್ತಾರು. ವಿದ್ಯಾರ್ಹತೆ ಬಿ.ಎ. ಮತ್ತು ಕನ್ನಡ ಟೈಪಿಂಗ್.

ಅದನ್ನು ಬರೆದವನು ನಾನು.

ಆಗ ನಾನು ಪುರವಣಿ ವಿಭಾಗದಲ್ಲಿ ಉಪಸಂಪಾದಕ. ಒಂದು ಮಧ್ಯಾಹ್ನ ಪುಟವನ್ನು ಅಚ್ಚಿಗೆ ಕಳುಹಿಸುವ ಹೊತ್ತಿಗೆ ಜಾಹೀರಾತೊಂದು ರದ್ದಾಯಿತು. ಎರಡು ಕಾಲಂ ಜಾಗ ಖಾಲಿ. ‘ಏನಾದ್ರೂ ತುಂಬಿಸಯ್ಯಾ’ ಎಂದರು ಮುಖ್ಯಸ್ಥರು. ನಾನು ಸುತ್ತ ನೋಡಿದೆ. ಊಟ ಮುಗಿದ ಸಮಯ. ಮೇಜುಗಳ ಮೇಲೆ ಡಬ್ಬಿಗಳಿದ್ದವು. ವಿಷಯ ಸಿಕ್ಕಿತು.

ಎದುರಿನ ಮೇಜಿನ ಸಹೋದ್ಯೋಗಿ ಉಪ್ಪಿನಕಾಯಿ ಬಾಟಲಿಯನ್ನು ಡ್ರಾಯರ್‌ನಲ್ಲಿಟ್ಟು ಬೀಗ ಹಾಕುತ್ತಿದ್ದರು. ಯಾರಿಗೂ ಕೊಡುತ್ತಿರಲಿಲ್ಲ. ಹಿಂದಿನ ರಾತ್ರಿ ಫೋಟೊ ಬೀರುವಿನ ಬೀಗದ ಕೈಯನ್ನೂ ಮರೆತು ಮನೆಗೆ ಒಯ್ದಿದ್ದರು. ನನಗೆ ಸಿಟ್ಟಿತ್ತು. ‘ಬಚ್ಚಿಡುವ ಸ್ವಭಾವ’ ಹುಟ್ಟಿದ್ದು ಹಾಗೆ. ಮುಖ್ಯಸ್ಥರು ಅಕ್ಕಿರೊಟ್ಟಿ ತರುತ್ತಿದ್ದರು, ಪುಟ ನೋಡಿ ಸಹಿ ಹಾಕುವವರೂ ಅವರೇ. ‘ಅಕ್ಕಿರೊಟ್ಟಿ ಪ್ರಿಯರಲ್ಲಿ ಹುಟ್ಟು ನಾಯಕತ್ವ’ ಎಂದು ಬರೆದೆ. ಒಂದಕ್ಷರವನ್ನೂ ತಿದ್ದದೆ ಸಹಿ ಹಾಕಿದರು.

‘ಮೊಸರನ್ನ ಪ್ರಿಯರು ಶಾಂತಚಿತ್ತರು. ಮಾತು ಕಡಿಮೆ. ಕಣ್ಣು ಮುಚ್ಚಿ ನಂಬಬಹುದು’ ಎಂದೂ ಇತ್ತು.

(ನನ್ನ ಡಬ್ಬಿಯಲ್ಲಿ ಏನಿತ್ತೆಂದು ಬೇರೆ ಹೇಳಬೇಕೇ?)

ಎಲ್ಲವನ್ನೂ ಮಲ್ಲೇಶಣ್ಣನಿಗೆ ಹೇಳಿದೆ. ಖಾಲಿ ಜಾಗ, ಡ್ರಾಯರ್, ಸಿಟ್ಟು, ಯಾವುದನ್ನೂ ಬಿಡಲಿಲ್ಲ. ಅವರು ಕಾಫಿ ಲೋಟ ತಿರುಗಿಸುತ್ತಾ ಕೇಳಿಸಿಕೊಂಡರು. ನಂಬಿದರು ಎಂದುಕೊಂಡೆ.

‘ಅಂದ್ರೆ ಆ ಉಪ್ಪಿನ್‌ಕಾಯಿಯೋರು ನಿಜವಾಗ್ಲೂ ಬಚ್ಚಿಡ್ತಿದ್ರು?’

‘ಅವರೊಬ್ಬರು.’

‘ಬೀಗದ ಕೈನೂ ಎತ್ಕೊಂಡೋಗಿದ್ರು?’

‘ಮರೆತು.’

‘ನಮ್ಮ ಸ್ಟೋರಿನೋನೂ ಸೇರಿದ್ರೆ ಇಬ್ರಾಯ್ತಲ್ಲ!’

ಕೆಂಡ ಆರಿಸಲು ಹೋಗಿ ಊದಿ ಬಂದ ಹಾಗಾಯಿತು. ‘ಮಲ್ಲೇಶಣ್ಣ, ಅದು ಸುಳ್ಳು. ಬರೆದವನೇ ಹೇಳುತ್ತಿದ್ದೇನೆ’ ಎಂದೆ.

‘ನೀವು ಯಾವ ಊಟದೋರು ಅಂದ್ರಿ?’

‘ಮೊಸರನ್ನ.’

‘ನಿಮ್ಮ ಮಾತು ನಂಬಿದ್ರೆ, ಮೊಸರನ್ನದೋರನ್ನ ನಂಬಬೌದು ಅಂತ ಪೇಪರ್ ಹೇಳಿದ್ದು ಸರಿ ಆಗ್ತದೆ. ಪೇಪರ್ ಸುಳ್ಳು ಅಂದ್ರೆ ನಿಮ್ಮನ್ನ ಯಾಕ್ರೀ ನಂಬ್ಲಿ?’

ಮೂವತ್ತು ವರ್ಷ ಸುದ್ದಿಮನೆಯಲ್ಲಿದ್ದೆ. ಮಂತ್ರಿಗಳೂ ನನ್ನನ್ನು ಇಷ್ಟು ಅಚ್ಚುಕಟ್ಟಾಗಿ ಕಟ್ಟಿಹಾಕಿದ್ದಿಲ್ಲ.

ಕೊನೆಗೆ ಅವರೇ ಸಡಿಲಾದರು. ‘ಆಯ್ತು, ನೀವು ಇಷ್ಟು ದೂರ ಬಂದಿದ್ದೀರಿ. ಸೋಮವಾರ ಆಯಮ್ಮನ್ನ ಇನ್ನೊಂದ್ಸಲ ಕಳ್ಸಿ. ಆದ್ರೆ ಊಟದ ಪ್ರಶ್ನೆ ಕೇಳೋದಂತೂ ಕೇಳ್ತೀನಿ.’

ಮನೆಗೆ ಬಂದು ಭಾಗ್ಯ ಅವರಿಗೆ ಎಲ್ಲವನ್ನೂ ತಿಳಿಸಿದೆ. ತುಣುಕು ಬರೆದವನು ನಾನೇ ಎಂಬುದನ್ನೂ. ಅವರು ಬೈಯಬೇಕಿತ್ತು. ಬೈಯಲಿಲ್ಲ. ‘ಅಣ್ಣ, ಅದ್ರಾಗೆ ಯಾವ್ದಕ್ಕೆ ಒಳ್ಳೇದು ಬರ್ದಿದ್ದೀರಿ?’ ಎಂದರು.

ಹೇಳಿದೆ.

‘ಹಂಗಾರೆ ಮೊಸ್ರನ್ನ ಅಂದ್ಬುಡ್ಲಾ? ನಂಗೆ ಮೊಸ್ರು ಅಂದ್ರೆ ಸಣ್ಣೋಳಿಂದ್ಲೂ ಆಗಕ್ಕಿಲ್ಲ. ವಾಸ್ನೆಗೇ ಹೊಟ್ಟೆ ತೊಳಸ್ತದೆ. ಆದ್ರೆ ಬಾಯ್ಮಾತಲ್ಲಿ ಹೇಳಕ್ಕೇನು?’

ನಾನು ‘ಹೇಳಿ’ ಎನ್ನಲಿಲ್ಲ. ‘ಬೇಡ’ ಎಂದೂ ಅನ್ನಲಿಲ್ಲ. (ಪತ್ರಿಕೆಯವರು ಇದನ್ನು ನಿಷ್ಪಕ್ಷಪಾತ ಎನ್ನುತ್ತೇವೆ.)

ಸೋಮವಾರ ಮಧ್ಯಾಹ್ನವೇ ಭಾಗ್ಯ ಫೋನ್ ಮಾಡಿದರು. ‘ಅವತ್ತು ಗಾಬ್ರೀಲಿ ಏನೋ ಅಂದ್ಬುಟ್ಟೆ ಸಾರ್, ಇಷ್ಟ ಅಂದ್ರೆ ಮೊಸ್ರನ್ನಾನೇ’ ಎಂದರಂತೆ; ಕೆಲಸ ಸಿಕ್ಕಿತ್ತು. ರೂಮುಗಳ ಜವಾಬ್ದಾರಿ, ಅಡುಗೆಮನೆ, ಸ್ಟೋರು, ಬೀಗದ ಕೈ ಎಲ್ಲವೂ. ಅವರ ದನಿ ಕೇಳಿ ನನಗೂ ಖುಷಿಯಾಯಿತು. ನಿಜ ಹೇಳಿದಾಗ ಸಿಗದ ನಂಬಿಕೆ ಸುಳ್ಳು ಹೇಳಿದಾಗ ಸಿಕ್ಕಿತಲ್ಲ ಎಂಬ ಯೋಚನೆ ಬಂದರೂ ಪಕ್ಕಕ್ಕಿಟ್ಟೆ. ಅಂಥ ಯೋಚನೆಗಳು ಕೆಲಸವಿರುವವರಿಗೆ ಚೆಂದ.

ಆದರೆ ಸುಳ್ಳು ಹೇಳುವುದು ಸುಲಭ, ತಿನ್ನುವುದು ಕಷ್ಟ.

ಮಲ್ಲೇಶಣ್ಣನ ಹೆಂಡತಿ ಒಳ್ಳೆಯ ಹೆಂಗಸು. ಹೊಸ ಮ್ಯಾನೇಜರ್‌ಗೆ ಮೊಸರನ್ನ ಇಷ್ಟ ಎಂದು ಗಂಡನಿಂದ ತಿಳಿಯಿತು. ಅಂದಿನಿಂದ ದಿನಾ ಮಧ್ಯಾಹ್ನ ತಾವೇ ಕಲಸಿ, ಒಗ್ಗರಣೆ ಹಾಕಿ, ಮೇಲೆ ದಾಳಿಂಬೆ ಉದುರಿಸಿ ತಂದಿಡತೊಡಗಿದರು. ‘ತಿನ್ನಮ್ಮಾ, ನಾಚ್ಕೋಬೇಡ’ ಎಂದು ಎದುರೇ ಕೂರುತ್ತಿದ್ದರು. ಭಾಗ್ಯ ಉಸಿರು ಬಿಗಿಹಿಡಿದು ತಿಂದರು. ಹನ್ನೊಂದು ದಿನ.

ಹನ್ನೆರಡನೆಯ ದಿನ ಆಗಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ, ‘ಅಮ್ಮಾವ್ರೆ, ನಂಗೆ ಮೊಸರು ಸೇರಕ್ಕಿಲ್ಲ. ಕೆಲ್ಸಕ್ಕೋಸ್ಕರ ಸುಳ್ಳು ಹೇಳ್ದೆ. ಯಜಮಾನ್ರಿಗೂ ನಾನೇ ಹೇಳ್ತೀನಿ’ ಎಂದುಬಿಟ್ಟರು. ನೇರವಾಗಿ ಮಲ್ಲೇಶಣ್ಣನ ಕೋಣೆಗೆ ಹೋಗಿ ಹೇಳಿಯೂ ಹೇಳಿದರು.

ಅಂದೇ ನನಗೆ ಮಲ್ಲೇಶಣ್ಣನ ಫೋನು. ದನಿಯಲ್ಲಿ ಸಿಟ್ಟಿರಲಿಲ್ಲ. ಪರೀಕ್ಷೆಯಲ್ಲಿ ಪಾಸಾದವನ ಉತ್ಸಾಹವಿತ್ತು.

‘ನೋಡಿದ್ರಾ? ನಿಮ್ ಕಡೆಯೋಳು ಉಪ್ಪಿನ್‌ಕಾಯಿಯೋಳೇ ಅಂತೆ!’

‘ಅದನ್ನು ಮೊದಲ ದಿನವೇ ಹೇಳಿದ್ದರಲ್ಲ?’

‘ಆಮೇಲೆ ಬಚ್ಚಿಟ್ಲಲ್ಲ! ಪೇಪರ್‌ನಾಗೆ ಏನಂತ ಐತೆ? ಬಚ್ಚಿಡೋ ಸ್ವಭಾವ ಅಂತ. ಅಕ್ಷರ ಅಕ್ಷರ ನಿಜ ಆಯ್ತಲ್ರೀ. ನೀವು ನೋಡಿದ್ರೆ ಸುಳ್ಳು ಬರ್ದೆ ಸುಳ್ಳು ಬರ್ದೆ ಅಂತೀರಿ.’

‘ಸ್ಟೋರಿನಲ್ಲಿ ಏನಾದರೂ ಹೆಚ್ಚುಕಡಿಮೆ ಆಗಿದೆಯೇ?’

‘ಏ, ಇಲ್ಲಪ್ಪ. ಒಂದು ಏಲಕ್ಕಿ ಹೋಗಿಲ್ಲ. ಗೆಸ್ಟ್‌ಗಳೂ ಹೊಗಳ್ತಾರೆ.’

‘ಹಾಗಾದರೆ ಕೆಲಸ?’

‘ಕೆಲ್ಸ ಇರ್ಲಿ ಬುಡಿ, ಇಂಥೋಳು ನಂಗೆಲ್ಲಿ ಸಿಗ್ತಾಳೆ? ಬೀಗದ ಕೈ ಮಾತ್ರ ನಂಗೆ ವಾಪಸ್ ಕೊಡು ಅಂದಿದ್ದೀನಿ. ಸ್ಟೋರ್ ತೆಗೀಬೇಕಾದ್ರೆ ಬಂದು ಕೇಳ್ಬೇಕು. ಸುಮ್ನೆ ಯಾಕೆ ರಿಸ್ಕು?’

ಈಗ ವ್ಯವಸ್ಥೆ ಹೀಗಿದೆ. ಗೆಸ್ಟ್‌ಗಳಿಗೆ ಸಕ್ಕರೆ ಬೇಕಾದರೆ ಮ್ಯಾನೇಜರ್ ಭಾಗ್ಯ ಮಾಲೀಕರ ಕೋಣೆಗೆ ಹೋಗಿ ನಿಲ್ಲುತ್ತಾರೆ. ಅವರು ಬೀಗದ ಕೈ ಕೊಡುತ್ತಾರೆ. ಸಕ್ಕರೆ ತೆಗೆದು ಬೀಗದ ಕೈ ವಾಪಸ್ ಕೊಡಬೇಕು. ಚಹಾಪುಡಿಗೆ ಮತ್ತೊಮ್ಮೆ. ಅಡುಗೆ ಭಟ್ಟ ನೋಡುತ್ತಾನೆ, ರೈಟರ್ ನೋಡುತ್ತಾರೆ.

ನಾನು ಮಲ್ಲೇಶಣ್ಣನಿಗೆ ಇನ್ನೂ ಎರಡು ಸಲ ಫೋನ್ ಮಾಡಿದೆ. ತಪ್ಪೊಪ್ಪಿಗೆ ಬರೆದು ಪ್ರಕಟಿಸುತ್ತೇನೆ ಎಂದೆ. ‘ಬರೀರಿ, ಅದನ್ನೂ ಲ್ಯಾಮಿನೇಶನ್ ಮಾಡಿಸ್ತೀನಿ’ ಎಂದರು.

ಮೊನ್ನೆ ಭಾಗ್ಯ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಹೇಗಿದೆ ಕೆಲಸ ಎಂದು ಕೇಳಿದೆ. ‘ಚೆನ್ನಾಗೈತೆ ಕಣಣ್ಣ. ಮಗಳ ಕಾಲೇಜಿನ ಚಿಂತೆ ಇಲ್ಲ. ಒಂದೇ ಒಂದು, ಅಲ್ಲಿ ಯಾರಾದ್ರೂ ಏನಾದ್ರೂ ಕೇಳಿದ್ರೆ ಈಗ ಥಟ್ ಅಂತ ಬಾಯಿ ಬಿಡಕ್ಕಿಲ್ಲ ನಾನು. ಎದ್ರುಗಿರೋರಿಗೆ ಏನು ಬೇಕು ಅಂತ ಮೊದ್ಲು ನೋಡ್ಕೊತೀನಿ’ ಎಂದರು.

ಅವರಿಗೆ ಬಚ್ಚಿಡುವುದನ್ನು ಕಲಿಸಿದ್ದು ಉಪ್ಪಿನಕಾಯಿಯೋ, ನಾನೋ?