ಖಾಲಿ ರೂಮಿನಿಂದ ಕೇಳಿಸಿದ ಜಗಳ

ಇಂಥ ಸಂಗತಿಗಳನ್ನು ನಾನು ನಂಬಿದವಳಲ್ಲ. ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿ ಬಹಳ ವರ್ಷ ದುಡಿದಿದ್ದೇನೆ. ಆಟದ ಸಾಮಾನಿನ ಕೋಣೆಯಲ್ಲಿ ಯಾರೋ ಓಡಾಡಿದ ಹಾಗಾಯಿತು ಎಂದು ಹುಡುಗಿಯರು ಹೆದರಿಕೊಂಡು ಬಂದರೆ, “ಅವರನ್ನೂ ಕರ್ಕೊಂಡ್ ಬನ್ರೇ, ಥ್ರೋಬಾಲ್‌ಗೆ ಒಬ್ಬರು ಕಮ್ಮಿ ಇದಾರೆ” ಎಂದು ಗದರಿ ಕಳಿಸುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ದೆವ್ವದ ಮಾತು ಬಂದಾಗಲೆಲ್ಲ ಮೊದಲು ನಗುತ್ತಿದ್ದವಳು ನಾನೇ. ಆದ್ದರಿಂದ ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಕೆಲವು ವರ್ಷಗಳ ಹಿಂದಿನ ಮಾತು. ವಿಜಯನಗರದ ನಮ್ಮ ಮನೆಯ ಬಾಗಿಲು ಕಿಟಕಿಗಳಿಗೆಲ್ಲ ಗೆದ್ದಲು ಹತ್ತಿತ್ತು. ಔಷಧಿ ಹೊಡೆಸಬೇಕು, ಹೊಡೆಸಿದ ಮೇಲೆ ಎರಡು ದಿನ ಮನೆಯೊಳಗೆ ಇರಬಾರದು ಎಂದರು. ನನ್ನ ಅಮ್ಮನಿಗೆ ಉಬ್ಬಸ. ನೆಂಟರ ಮನೆಗೆ ಹೋಗಲು ಅವಳು ಸುತರಾಂ ಒಪ್ಪಲಿಲ್ಲ. ಕೊನೆಗೆ ರಾಜಾಜಿನಗರದಲ್ಲಿ ಒಂದು ಹೋಟೆಲಿನಲ್ಲಿ ರೂಮು ಹಿಡಿದೆ. ಊರೂರಲ್ಲೂ ಶಾಖೆಯಿರುವ, ತೀರಾ ದುಬಾರಿಯೂ ಅಲ್ಲದ, ತೀರಾ ಕಳಪೆಯೂ ಅಲ್ಲದ ಹೋಟೆಲು. ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿ. ನಮ್ಮೂರಲ್ಲೇ ನಾವು ಪರವೂರಿನವರ ಹಾಗೆ ಆಧಾರ್ ಕಾರ್ಡ್ ತೋರಿಸಿ ಒಳಗೆ ಹೋಗಿದ್ದು ಅಮ್ಮನಿಗೆ ದೊಡ್ಡ ತಮಾಷೆ. ಹಾಳಾಗುತ್ತದೆ ಎಂದು ಅವಳು ಮನೆಯಿಂದ ಒಂದು ಚೀಲ ಅವರೆಕಾಯಿ ಬೇರೆ ಹೊತ್ತು ತಂದಿದ್ದಳು.

ಎರಡನೆಯ ದಿನ ಮಧ್ಯಾಹ್ನ ಊಟ ಮುಗಿಸಿ ನಾನು ಮಂಚದ ಮೇಲೆ ಕಾಲು ಚಾಚಿದ್ದೆ. ನಿದ್ದೆ ಬಂದಿರಲಿಲ್ಲ. ಅಮ್ಮ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಪೇಪರಿನ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ನಮ್ಮ ರೂಮಿಗೂ ಪಕ್ಕದ ರೂಮಿಗೂ ನಡುವೆ ಒಂದು ಬಾಗಿಲಿತ್ತು, ಅದಕ್ಕೆ ಬೀಗ ಹಾಕಿದ್ದರು. ಆ ಬಾಗಿಲಿನ ಆಚೆಯಿಂದ ಗಂಡಸೊಬ್ಬನ ಮಾತು ಕೇಳಿಸಿತು. ಒಡಕು ಗಂಟಲು. ಅವನು ಕೂಗುತ್ತಿರಲಿಲ್ಲ.

“ಈ ಮುಖ ಇಟ್ಕೊಂಡ್ ತಾನೇ ಮೆರೀತಿರೋದು? ಅದನ್ನೇ ಇಲ್ದಂಗ್ ಮಾಡ್ತೀನಿ.”

ಆಮೇಲೆ ಹೆಂಗಸಿನ ದನಿ. “ಬೇಡ ಗಿರೀಶ. ಇಸ್ತ್ರಿಪೆಟ್ಟಿಗೆ ಕೆಳಗಿಡು. ಕೈ ಮುಗೀತೀನಿ, ಕೆಳಗಿಡು.”

ನಾನು ಎದ್ದು ಕುಳಿತೆ. ಅಷ್ಟರಲ್ಲಿ ಏಟು ಬಿತ್ತು. ಭಾರದ ವಸ್ತುವಿನಿಂದ ಮೂಳೆಗೆ ಹೊಡೆದ ಸದ್ದು. ಆಟದ ಮೈದಾನದಲ್ಲಿ ಮೂಳೆ ಮುರಿದ ಸದ್ದನ್ನು ನಾನು ಕೇಳಿದ್ದೇನೆ, ಅದನ್ನು ಗುರುತಿಸುವುದರಲ್ಲಿ ತಪ್ಪುವವಳಲ್ಲ. ಹೆಂಗಸು ಒಂದು ಸಲ ಕಿರುಚಿದಳು. ಮತ್ತೆ ಏಟು, ಮತ್ತೆ ಏಟು. ಆಮೇಲೆ ಅವಳ ದನಿಯೇ ಇಲ್ಲ, ಏಟುಗಳು ಮಾತ್ರ. ಅದೂ ನಿಂತ ಮೇಲೆ ಬಾತ್‌ರೂಮಿನ ನಲ್ಲಿ ತಿರುಗಿಸಿದ್ದು, ಬಹಳ ಹೊತ್ತು ನೀರು ಸುರಿದದ್ದು ಕೇಳಿಸಿತು.

“ಅಮ್ಮಾ, ಪಕ್ಕದ ರೂಮಲ್ಲಿ ಸಾಯಿಸ್ತಾ ಇದಾರೆ!” ಎಂದೆ.

ಅಮ್ಮ ತಲೆಯೆತ್ತಿ ನೋಡಿದಳು. “ಏನೇ ಅದು?”

“ನಿಂಗೆ ಕೇಳಿಸ್ಲಿಲ್ವಾ?”

“ಏನೂ ಇಲ್ವಲ್ಲೇ. ನಿದ್ದೆಗಣ್ಣಲ್ಲಿ ಏನೋ ಅಂತಿದೀಯ.”

ನೆನಪಿಡಿ, ನಮ್ಮಮ್ಮನ ಕಿವಿ ಬಹಳ ಚುರುಕು. ಅಡುಗೆಮನೆಯಲ್ಲಿದ್ದುಕೊಂಡೇ ಗೇಟಿನ ಬಳಿ ಯಾರು ಬಂದರೆಂದು ಹೇಳುವವಳು. ನಾನು ಫೋನ್ ಮಾಡುವುದನ್ನೂ ಬಿಟ್ಟು ಕೆಳಗೆ ಓಡಿದೆ. ರಿಸೆಪ್ಷನ್ನಿನಲ್ಲಿದ್ದ ಮ್ಯಾನೇಜರ್ ಕಂಪ್ಯೂಟರ್ ನೋಡಿ, “ಮೇಡಂ, ಆ ರೂಮಲ್ಲಿ ಯಾರೂ ಇಲ್ಲ. ನಿನ್ನೆಯಿಂದ ಖಾಲಿ” ಎಂದ. ನನ್ನ ಮುಖ ನೋಡಿ ಅವನಿಗೇ ಗಾಬರಿಯಾಗಿರಬೇಕು, ರೂಮಿನ ಕೀಲಿ ಕಾರ್ಡ್ ತೆಗೆದುಕೊಂಡು ಜೊತೆಗೆ ಬಂದ. ಬಾಗಿಲು ತೆಗೆದು ತೋರಿಸಿದ. ಹಾಸಿಗೆಯ ಮೇಲೆ ಒಂದು ಸುಕ್ಕಿಲ್ಲ. ಬಾತ್‌ರೂಮಿನ ನೆಲ ಒಣಗಿತ್ತು. ಬೀರು ತೆಗೆದೆ. ಇಸ್ತ್ರಿಪೆಟ್ಟಿಗೆ ತನ್ನ ಜಾಗದಲ್ಲಿ ತಣ್ಣಗೆ ಕುಳಿತಿತ್ತು. ನಾನು ಅವನ ಕ್ಷಮೆ ಕೇಳಿ ರೂಮಿಗೆ ಬಂದೆ. ನಾಚಿಕೆಯಾಯಿತು.

ಸಂಜೆ ಬಿಸಿಲಿರುವಾಗಲೇ ಅಮ್ಮನಿಗೆ ಕಾಫಿ ತರಲು ಹೊರಗೆ ಹೋಗಿದ್ದೆ. ಫ್ಲಾಸ್ಕ್ ಹಿಡಿದು ವಾಪಸ್ ಬರುವಾಗ ಲಿಫ್ಟಿನಲ್ಲಿ ಗಂಡ ಹೆಂಡತಿ ಇಬ್ಬರಿದ್ದರು, ಮೂವತ್ತರ ಆಸುಪಾಸಿನವರು. ಹುಡುಗಿ ನೆಲ ನೋಡುತ್ತಿದ್ದಳು. ಅವನು ನಗುತ್ತಾ ನನಗೆ ಜಾಗ ಬಿಟ್ಟು, “ಬನ್ನಿ ಆಂಟಿ, ಯಾವ ಫ್ಲೋರು?” ಎಂದ.

ಒಡಕು ಗಂಟಲು. ಅದೇ ಗಂಟಲು.

ಮೂರೂ ಜನ ಒಂದೇ ಮಹಡಿಯಲ್ಲಿ ಇಳಿದೆವು. ಅವರು ಹೋಗಿ ನಿಂತದ್ದು ಪಕ್ಕದ ರೂಮಿನ ಮುಂದೆ. ಕಾರ್ಡ್ ಹಚ್ಚಿದರೂ ಬಾಗಿಲು ತೆರೆದುಕೊಳ್ಳಲಿಲ್ಲ. “ತಿರುಗಿಸಿ ಇಡು ಗಿರೀಶ” ಎಂದಳು ಅವಳು. ನನ್ನ ಕೈಯಿಂದ ಫ್ಲಾಸ್ಕ್ ಜಾರಿ ಬಿತ್ತು.

ಅಮ್ಮನಿಗೆ ಹೇಳಿದೆ. “ಊರಲ್ಲಿ ಗಿರೀಶನ್ನೋರು ಎಷ್ಟ್ ಜನ ಇಲ್ಲ? ಸುಮ್ನೆ ಇನ್ನೊಬ್ರ ಸಂಸಾರಕ್ಕೆ ಹೋಗ್ಬೇಡ” ಎಂದಳು. ಮ್ಯಾನೇಜರ್‌ಗೆ ಫೋನ್ ಮಾಡಿದೆ. “ಮೇಡಂ, ಗಂಡ ಹೆಂಡ್ತಿ, ಇಬ್ಬರದೂ ಐಡಿ ಇದೆ. ಏನಂತ ಹೋಗಿ ಕೇಳ್ಲಿ?” ಎಂದ. ಅವನದೂ ತಪ್ಪಲ್ಲ. ನಾನು ಬೀಗ ಹಾಕಿದ ಬಾಗಿಲಿಗೆ ಕಿವಿಯಿಟ್ಟು ಕುಳಿತೆ. ಮಾತಿಲ್ಲ, ಜಗಳವಿಲ್ಲ. ಟಿವಿ ಹಾಕಿದರು. ಸ್ವಲ್ಪ ಹೊತ್ತಿಗೆ ಟಿವಿಯ ದನಿ ಏರಿತು. ಮತ್ತೆ ಏರಿತು. ಗೋಡೆ ಅದುರುವಷ್ಟು ಏರಿದಾಗ ನಾನು ಎದ್ದೆ. ಅಮ್ಮ ಸೆರಗು ಹಿಡಿದೆಳೆದಳು. ಕೊಡವಿಕೊಂಡು ಹೋದೆ.

ಎರಡು ಕೈಯಿಂದಲೂ ಬಾಗಿಲು ಗುದ್ದಿದೆ. ಮೈದಾನದಲ್ಲಿ ಕೂಗುವ ಹಾಗೆ ಕೂಗಿದೆ. “ಗಿರೀಶಾ! ಇಸ್ತ್ರಿಪೆಟ್ಟಿಗೆ ಕೆಳಗಿಡೋ!”

ಟಿವಿ ನಿಂತಿತು. ಬಾಗಿಲು ತೆರೆಯಿತು. ಬನಿಯನ್ನಿನಲ್ಲಿ ನಿಂತಿದ್ದ ಅವನ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇತ್ತು, ವೈರು ನೆಲ ಸವರುತ್ತಿತ್ತು. ಅವನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದಿಗಿಲಿತ್ತು. “ಯಾರೇ ನೀನು? ಯಾರ್ ಹೇಳಿದ್ದು ನಿಂಗೆ?” ಎಂದವನೇ ಬೀಸಿದ. ತಲೆ ತಪ್ಪಿಸಿಕೊಂಡೆ, ಏಟು ಭುಜಕ್ಕೆ ಬಿತ್ತು. ಕಾದ ಲೋಹ ರವಿಕೆಯ ಸಮೇತ ಚರ್ಮಕ್ಕೆ ಅಂಟಿ ಬಂತು. ನನ್ನ ಎಡಗೈ ಮರಗಟ್ಟಿತು. ಬಲಗೈಯಿಂದ ಅವನ ಮಣಿಕಟ್ಟು ಹಿಡಿದು, ಕಬಡ್ಡಿಯಲ್ಲಿ ಮಾಡುವಂತೆ ಮೈಭಾರವನ್ನೆಲ್ಲ ಅವನ ಕಾಲಿಗೆ ಹಾಕಿದೆ. ಇಬ್ಬರೂ ಬಿದ್ದೆವು. ಅವನು ನನ್ನ ಕೂದಲು ಹಿಡಿದು ತಲೆಯನ್ನು ನೆಲಕ್ಕೆ ಕುಟ್ಟಿದ, ಕೆನ್ನೆ ಕಚ್ಚಿದ. ನನ್ನ ಬಾಯಲ್ಲೂ ರಕ್ತ. ನಾನು ಕೈ ಬಿಡಲಿಲ್ಲ. ಬಿಟ್ಟರೆ ಅವನು ಒಳಗೆ ಹೋಗುತ್ತಾನೆ ಎಂದಷ್ಟೇ ತಲೆಯಲ್ಲಿತ್ತು. ಅಮ್ಮನ ಕಿರುಚಾಟಕ್ಕೆ ಹೋಟೆಲಿನವರೂ ಎದುರು ರೂಮಿನವರೂ ಓಡಿಬಂದು ಅವನನ್ನು ಕೆಡವಿ ಮೇಲೆ ಕುಳಿತರು.

ಹುಡುಗಿ ಮಂಚಕ್ಕೂ ಗೋಡೆಗೂ ನಡುವೆ ಇದ್ದಳು. ಕೈಗಳನ್ನು ಅವಳದೇ ದುಪಟ್ಟಾದಿಂದ ಹಿಂದಕ್ಕೆ ಕಟ್ಟಿದ್ದ. ಬಾಯಿಗೆ ಹೋಟೆಲಿನ ಟವೆಲ್ ತುರುಕಿದ್ದ. ಒಂದು ಕೆನ್ನೆ ಸುಟ್ಟಿತ್ತು. ಜೀವವಿತ್ತು.

ಅವಳ ಹೆಸರು ಸುಮಾ. ಗಂಡನನ್ನು ಬಿಟ್ಟು ಕೆಂಗೇರಿಯಲ್ಲಿ ಒಂದು ಪಿಜಿಯಲ್ಲಿದ್ದಳು. ಮನೆಯವರ ಗಲಾಟೆಯಿಲ್ಲದ ಜಾಗದಲ್ಲಿ ಒಂದು ದಿನ ಕೂತು ಮಾತಾಡೋಣ ಎಂದು ಅವನು ಕರೆದುಕೊಂಡು ಬಂದಿದ್ದ. ಇದೆಲ್ಲ ನನಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ. ನನ್ನ ಭುಜಕ್ಕೂ ಅಲ್ಲೇ ಕಟ್ಟು ಹಾಕಿದ್ದರು. ಮಾತಾಡುವಷ್ಟು ಸುಧಾರಿಸಿದ ಮೇಲೆ ಅವಳು ನನ್ನನ್ನು ಕರೆಸಿಕೊಂಡು ಕೇಳಿದಳು.

“ಆಂಟಿ, ಇಸ್ತ್ರಿಪೆಟ್ಟಿಗೆ ಅಂತ ನಿಮಗೆ ಹೆಂಗ್ ಗೊತ್ತಾಯ್ತು?”

“ನೀನು ಅಂದಿದ್ದು ಕೇಳಿಸ್ತು ಕಣಮ್ಮ. ಕೆಳಗಿಡು, ಕೈ ಮುಗೀತೀನಿ ಅಂದ್ಯಲ್ಲ.”

ಅವಳು ನನ್ನನ್ನೇ ನೋಡಿದಳು. “ನಾನ್ ಅನ್ಲಿಲ್ಲ ಆಂಟಿ. ಒಳಗೆ ಬಂದ ತಕ್ಷಣ ಬಾಯಿಗೆ ತುರುಕಿಬಿಟ್ಟ. ಮನಸ್ಸಲ್ಲೇ ಅಂದ್ಕೊಂಡೆ. ಅದೇ ಮಾತು.”

ಅವಳಿಗೆ ಮಧ್ಯಾಹ್ನದ ಸಂಗತಿ ನಾನು ಹೇಳಲಿಲ್ಲ. ಏನೆಂದು ಹೇಳಲಿ? ಖಾಲಿ ರೂಮಿನಲ್ಲಿ ನಾನು ಕೇಳಿದ್ದರಲ್ಲಿ ಯಾರೂ ಬಾಗಿಲು ಬಡಿದಿರಲಿಲ್ಲ. ಅಲ್ಲಿ ಅವಳು ಉಳಿದಿರಲಿಲ್ಲ.

ಕನಸು ಎನ್ನುತ್ತೀರಾ? ನಾನೂ ಹಾಗೆಯೇ ಹೇಳಿಕೊಂಡು ನೋಡಿದ್ದೇನೆ. ಕಂಡರಿಯದ ಮನುಷ್ಯನ ಹೆಸರು, ಗಂಟಲು ಕನಸಿಗೆ ಎಲ್ಲಿಂದ ಬಂತು ಎನ್ನುವಲ್ಲಿಗೆ ಬಂದು ನಿಂತುಬಿಡುತ್ತೇನೆ. ಅಮ್ಮ ಈಗ ಆ ಮಾತೆತ್ತಿದರೆ ಎದ್ದು ಹೋಗುತ್ತಾಳೆ. ಪೊಲೀಸರಿಗೆ, ಗೋಡೆಯಾಚೆಯಿಂದ ಮಾತು ಕೇಳಿಸಿತು ಎಂದಷ್ಟೇ ಹೇಳಿಕೆ ಕೊಟ್ಟೆ. ಅವರು ಅದನ್ನೇ ಬರೆದುಕೊಂಡರು.

ಕೇಸು ಇಷ್ಟು ವರ್ಷಕ್ಕೆ ಈಗ ವಿಚಾರಣೆಗೆ ಬಂದಿದೆ. ಗಿರೀಶ ಜಾಮೀನಿನ ಮೇಲೆ ಹೊರಗಿದ್ದಾನೆ. ಮೊನ್ನೆ ಸರ್ಕಾರಿ ವಕೀಲರು ನನ್ನನ್ನು ಕರೆಸಿ ಸಾಕ್ಷಿಗೆ ತಯಾರು ಮಾಡಿದರು. “ಆ ಕಡೆ ಲಾಯರ್ ಮೊದಲು ಕೇಳೋದೇ ಇದನ್ನ ಮೇಡಂ. ಬಾಯಿ ಕಟ್ಟಿದ್ದ ಹುಡುಗಿ ಮಾತಾಡಿದ್ದು ನಿಮಗೆ ಯಾವಾಗ ಕೇಳಿಸ್ತು, ಹೇಳಿ” ಎಂದರು. ಸಂಜೆ ಕೇಳಿಸಿತು ಎಂದು ಸುಳ್ಳು ಹೇಳಿದರೆ ಅವಳ ಮಾತಿಗೂ ನನ್ನ ಮಾತಿಗೂ ತಾಳೆಯಾಗುವುದಿಲ್ಲ. ನಿಜ ಹೇಳಿದರೆ ನನ್ನನ್ನು ಹುಚ್ಚಿ ಎಂದು ಪಕ್ಕಕ್ಕೆ ಸರಿಸಿ ಅವನನ್ನು ಬಿಟ್ಟುಬಿಡುತ್ತಾರೆ. ಬರುವ ಸೋಮವಾರ ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಬೇಕು. ಸುಮಾ ಎದುರಿಗೇ ಕುಳಿತಿರುತ್ತಾಳೆ. ಏನು ಹೇಳಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.