ಮೂಲೆಯ ಕಪ್ಪು ಗೂಡು

ಮೇಸ್ತ್ರಿ ಕೈಯಿಟ್ಟ ನಲ್ಲಿ ಮತ್ತೆ ತೊಟ್ಟಿಕ್ಕಿದ್ದನ್ನು ಆ ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ನೋಡಿದವರಿದ್ದರೂ ಅವನ ಮುಂದೆ ಹೇಳುವ ಧೈರ್ಯ ಮಾಡಿರಲಿಕ್ಕಿಲ್ಲ ಅನ್ನುವುದು ಬೇರೆ ಮಾತು. ಐವತ್ತೆಂಟು ವರ್ಷದ ಈ ಮನುಷ್ಯನಿಗೆ ಪೈಪಿನ ಕೆಲಸ, ಗಾಜಿನ ಕೆಲಸ ಎರಡೂ ಕರತಲಾಮಲಕ. ಗೊತ್ತಿಲ್ಲದ್ದು ಒಂದೇ, ತಾನೂ ತಪ್ಪಬಹುದು ಎಂಬುದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. "ನಮ್ಮನೆಯವರಿಗೆ ನೀರೂ ಎದುರು ಮಾತಾಡಲ್ಲ" ಎಂದು ಹೆಂಡತಿ ಹಿಂದೆಲ್ಲ ನಗುತ್ತಿದ್ದಳು. ಆರು ವರ್ಷದಿಂದ ಅವಳು ಆ ಮಾತು ಆಡುವುದನ್ನು ಬಿಟ್ಟಿದ್ದಳು.

ಆರು ವರ್ಷದ ಹಿಂದಿನದನ್ನು ಮೊದಲು ಹೇಳಿಬಿಡುತ್ತೇನೆ. ಹಲ್ಲಿನ ಡಾಕ್ಟರೊಬ್ಬರು ಮುಚ್ಚಿಹೋದ ಯಾವುದೋ ಹೋಟೆಲಿನಿಂದ ಆರಡಿ ಉದ್ದದ ಹಳೆಯ ಗಾಜಿನ ಮೀನಿನ ತೊಟ್ಟಿ ತಂದು ತಮ್ಮ ಆಸ್ಪತ್ರೆಯ ಹಜಾರದಲ್ಲಿ ಇಡಿಸಿದರು. ಅಂಥ ದೊಡ್ಡ ತೊಟ್ಟಿಯ ಮೂಲೆಯಲ್ಲಿ ಕಪ್ಪು ಗಾಜಿನ ಒಂದು ಗೂಡು ಇರುತ್ತದೆ. ಗೂಡಿನ ಅಂಚಿಗೆ ಬಾಚಣಿಗೆಯಂಥ ಪ್ಲಾಸ್ಟಿಕ್ ಪಟ್ಟಿ, ಕಸುಬಿನವರ ಬಾಯಲ್ಲಿ ಅದು ಬಾಚಣಿಗೆಯೇ. ಹೆಚ್ಚಾದ ನೀರು ಬಾಚಣಿಗೆಯ ಸಂದಿಯಲ್ಲಿ ನುಸುಳಿ ಗೂಡಿಗೆ ಬೀಳಬೇಕು, ಅಲ್ಲಿಂದ ಪೈಪಿನಲ್ಲಿ ಕೆಳಗಿನ ತೊಟ್ಟಿಗಿಳಿದು ಶುದ್ಧವಾಗಬೇಕು, ಪಂಪು ಅದನ್ನು ಮತ್ತೆ ಮೇಲಕ್ಕೆ ತಳ್ಳಬೇಕು. ಈ ತೊಟ್ಟಿಯ ಪೈಪು ಮಾತ್ರ ಗೊಳಗೊಳ ಎಂದು ಎಷ್ಟು ಸದ್ದು ಮಾಡುತ್ತಿತ್ತೆಂದರೆ, ಮೊದಲೇ ನಡುಗುತ್ತ ಕೂತ ರೋಗಿಗಳಿಗೆ ಒಳಗೆ ಯಾರೋ ಬಾಯಿ ತುಂಬ ರಕ್ತ ಮುಕ್ಕಳಿಸುತ್ತಿದ್ದಾರೆ ಅನ್ನಿಸುತ್ತಿತ್ತು. ಮೇಸ್ತ್ರಿ ಬಂದ. ಪೈಪು ಬದಲಿಸಿದ, ಬಾಚಣಿಗೆ ಹೊಸದು ಕೂರಿಸಿದ, ಗೂಡಿನ ಮೇಲೆ ಕಪ್ಪು ಗಾಜಿನ ಮುಚ್ಚಳವಿಟ್ಟು ಸುತ್ತಲೂ ಅಂಟು ಬಳಿದು ಭದ್ರ ಮಾಡಿದ. ಸದ್ದು ಅಡಗಿತು. ಡಾಕ್ಟರು ಕೈ ಕುಲುಕಿದರು.

ಅದೇ ಆಸ್ಪತ್ರೆಯಲ್ಲಿ ಮೇಸ್ತ್ರಿಯ ಭಾವಮೈದ, ಹೆಂಡತಿಯ ಒಬ್ಬನೇ ತಮ್ಮ, ಸಹಾಯಕನಾಗಿದ್ದ. ಹೆಸರು ಬರೆದುಕೊಳ್ಳುವುದು, ಬಾಗಿಲು ತೆಗೆಯುವುದು, ಮೀನಿಗೆ ಆಹಾರ ಹಾಕುವುದು ಅವನ ಕೆಲಸ. ಕೆಲಸ ಕೊಡಿಸಿದ್ದೂ ಮೇಸ್ತ್ರಿಯೇ. ತಿಂಗಳೊಳಗೆ ಡಾಕ್ಟರು ಪರದೇಶದ ಜೋಡಿ ಮೀನು ತರಿಸಿದರು. ಹಾವಿನ ಹಾಗೆ ಉದ್ದ, ಮೈಮೇಲೆ ಹಳದಿ ಪಟ್ಟೆ, ಆಗಿನ್ನೂ ಕಿರುಬೆರಳಿಗಿಂತ ತೆಳು. ಬಂದ ಎಂಟನೇ ದಿನ ಬೆಳಿಗ್ಗೆ ನೋಡಿದರೆ ಒಂದೇ ಇತ್ತು. ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ, ಡಾಕ್ಟರು ಮತ್ತು ಭಾವಮೈದ. ಕದ್ದ ಅನುಮಾನ ಭಾವಮೈದನ ಮೇಲೆ ಬಿತ್ತು.

"ಭಾವ, ಆ ಕಪ್ಪು ಗೂಡಲ್ಲಿ ಏನೋ ಪುಳಕ್ ಅಂತಿತ್ತು. ಒಂದ್ಸಲ ಮುಚ್ಚಳ ತೆಗೆದು ನೋಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಅವನು ಗೋಗರೆದಿದ್ದ.

ಡಾಕ್ಟರು ಮೇಸ್ತ್ರಿಯ ಮುಖ ನೋಡಿದ್ದರು. ಕಸುಬಿನವನ ಮಾತೇ ಕೊನೆಯ ಮಾತು. ಮೇಸ್ತ್ರಿ ಹೇಳಿದ್ದ, "ನಾನೇ ಕೂರಿಸಿದ ಬಾಚಣಿಗೆ ಸಾರ್ ಅದು. ಅದರ ಸಂದೀಲಿ ಪೆನ್ಸಿಲ್ ತೂರಲ್ಲ, ಮೀನು ಹೇಗೆ ತೂರುತ್ತೆ? ತೆಗೆಯೋದೂ ಬೇಡ, ನೋಡೋದೂ ಬೇಡ." ಭಾವಮೈದನ ಹಣೆಯಲ್ಲಿ ಬೆವರೊಡೆದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದು ಮೇಸ್ತ್ರಿಗೆ ಅನ್ನಿಸಿತು. ಹಜಾರದಲ್ಲಿ ಏಳೆಂಟು ರೋಗಿಗಳು ಕೂತಿದ್ದರು. ಅವರೆಲ್ಲರ ಎದುರೇ ಕೆನ್ನೆಗೆ ಬಾರಿಸಿ, "ಇನ್ನು ನನ್ನ ಹೊಸಿಲು ತುಳಿದರೆ ನೋಡು" ಅಂದ. ಅಂದದ್ದನ್ನು ನಡೆಸಿಯೂ ನಡೆಸಿದ. ಡಾಕ್ಟರು ಅವನನ್ನು ಕೆಲಸದಿಂದ ಬಿಡಿಸಿದರು. ಮೂರು ವರ್ಷದ ಮೇಲೆ ಅತ್ತೆ ತೀರಿಕೊಂಡಾಗಲೂ ಭಾವ, ಭಾವಮೈದ ಒಂದು ಮಾತಾಡಲಿಲ್ಲ. ಹೆಂಡತಿ ಅತ್ತಳು, ಬೇಡಿಕೊಂಡಳು, ಆಮೇಲೆ ಸುಮ್ಮನಾದಳು. ಮನೆಯೊಳಗೆ ಬೇಕಾದ್ದಷ್ಟೇ ಮಾತು ಉಳಿಯಿತು.

ಈಗ ಡಾಕ್ಟರು ಆಸ್ಪತ್ರೆ ಮುಚ್ಚುತ್ತಿದ್ದರು. ತೊಟ್ಟಿಯನ್ನು ಒಂದು ಶಾಲೆಗೆ ಕೊಟ್ಟರು. ಮೀನುಗಳನ್ನು ಹಿಂದಿನ ದಿನವೇ ತಮ್ಮ ಮನೆಗೆ ಸಾಗಿಸಿದ್ದರು. ಶಾಲೆಯ ವಿಜ್ಞಾನದ ಟೀಚರ್ ಮೇಸ್ತ್ರಿಯನ್ನು ಕರೆದುಕೊಂಡು ಮಧ್ಯಾಹ್ನ ಬಂದರು.

"ಇದಕ್ಕೆ ಒಂದೇ ಪೈಪ್ ಇದೆಯಲ್ಲ. ಅದು ಕಟ್ಟಿಕೊಂಡ್ರೆ?" ಎಂದರು ಟೀಚರ್. "ನಾವು ಇಡೋದು ಲೈಬ್ರರಿಯಲ್ಲಿ. ನೀರು ಉಕ್ಕಿದ್ರೆ ಪುಸ್ತಕದ ಗತಿ?"

"ಎರಡನೇದು ಕೂರಿಸ್ತೀನಿ. ಮೊದಲನೇದು ಕೈಕೊಟ್ರೆ ಅದು ಹಿಡ್ಕೊಳ್ಳುತ್ತೆ. ಗೂಡಿನ ತಳಕ್ಕೆ ಇನ್ನೊಂದು ತೂತು ಕೊರೀಬೇಕು, ಅಷ್ಟೆ. ಬೇರೆಯವರು ಕೊರೆದರೆ ಗಾಜು ಬಿರಿಯುತ್ತೆ, ನಾನು ಕೊರೆದರೆ ಅದಕ್ಕೆ ಗೊತ್ತೂ ಆಗಲ್ಲ."

ತೊಟ್ಟಿಯ ನೀರು ಬಸಿದರು. ಗೂಡಿನದು ಬೇರೆ ಲೆಕ್ಕ. ಪೈಪಿನ ಬಾಯಿಯವರೆಗೆ ಅದರಲ್ಲಿ ನೀರು ನಿಂತೇ ಇರುತ್ತದೆ. ಮೇಸ್ತ್ರಿ ಸ್ಟೂಲು ಹತ್ತಿ, ತಾನೇ ಬಳಿದಿದ್ದ ಅಂಟನ್ನು ಬ್ಲೇಡಿನಿಂದ ಸುತ್ತಲೂ ಸೀಳಿ, ಮುಚ್ಚಳ ಎತ್ತಿ ಟೀಚರ್ ಕೈಗೆ ಕೊಟ್ಟ. ಪೈಪು ಕೀಳಲು ಮೊಣಕೈವರೆಗೆ ತೋಳು ಇಳಿಬಿಟ್ಟ. ತಣ್ಣನೆಯದೇನೋ ಅವನ ಮುಂಗೈಯನ್ನು ಸುತ್ತಿ ಜಾರಿತು.

ಮೇಸ್ತ್ರಿ ಕಿರುಚಿದ. ಸ್ಟೂಲು ಒಂದು ಕಡೆ ಉರುಳಿತು, ಅವನೊಂದು ಕಡೆ ಬಿದ್ದ.

"ಏನಾಯ್ತು? ಕರೆಂಟಾ?" ಎಂದು ಟೀಚರ್ ಮುಚ್ಚಳ ಬದಿಗಿಟ್ಟು ಟಾರ್ಚ್ ಹಾಕಿದರು. ಮೇಸ್ತ್ರಿ ಎದ್ದು ಬಗ್ಗಿ ನೋಡಿದ. ಗೂಡಿನ ತಳದಲ್ಲಿ ಮೊಳದುದ್ದದ ಮೀನೊಂದು, ಮಣಿಕಟ್ಟಿನಷ್ಟು ದಪ್ಪ, ಪೈಪಿಗೆ ಸುತ್ತಿಕೊಂಡು ಮಲಗಿತ್ತು. ಬೆಳಕು ಕಾಣದೆ ಮೈ ಬಿಳಿಚಿ ಹೋಗಿತ್ತು, ಆದರೂ ಪಟ್ಟೆ ಗುರುತು ಸಿಗುತ್ತಿತ್ತು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

ಮೇಸ್ತ್ರಿ ಸಾಧ್ಯವೇ ಇಲ್ಲ ಅಂದುಕೊಂಡ. ಟಾರ್ಚ್ ಕಿತ್ತುಕೊಂಡು ಬಾಚಣಿಗೆಯ ಉದ್ದಕ್ಕೂ ಬೆಳಕು ಓಡಿಸಿದ. ಗೋಡೆಗೆ ತಾಗಿದ ಕೊನೆಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಬಾಚಣಿಗೆಯ ಒಂದು ಹಲ್ಲು ಇರಲಿಲ್ಲ. ಬುಡದಲ್ಲಿ ಇಕ್ಕಳ ಕಚ್ಚಿದ ಗುರುತಿತ್ತು. ಅದು ಅವನದೇ ಇಕ್ಕಳ.

ಆಗ ನೆನಪಾಯಿತು. ಪಂಪಿನ ರಭಸಕ್ಕೆ ನೀರು ಅಂಚಿನವರೆಗೆ ಏರಿದಾಗ, ಇಷ್ಟಕ್ಕೆಲ್ಲ ಇನ್ನೊಂದು ಬಾಚಣಿಗೆ ಯಾರು ಹುಡುಕುತ್ತಾರೆ ಎಂದು ಮೂಲೆಯ ಒಂದು ಹಲ್ಲನ್ನು ಲಟಕ್ಕನೆ ಮುರಿದಿದ್ದ. ನೀರು ಎರಡು ಬೆರಳು ಇಳಿದಿತ್ತು. ಹಲ್ಲಿನ ಆಸ್ಪತ್ರೆಗೆ ಬಂದು ತಾನೂ ಒಂದು ಹಲ್ಲು ಕಿತ್ತೆ ಎಂದು ತನ್ನಷ್ಟಕ್ಕೆ ನಕ್ಕೂ ಇದ್ದ. ಆಮೇಲೆ ಮರೆತ. ಡಾಕ್ಟರ ಮುಂದೆ ಅವನು ಸುಳ್ಳು ಹೇಳಿರಲಿಲ್ಲ, ನಿಜವಾಗಿಯೂ ಮರೆತಿದ್ದ. ಸುಳ್ಳು ಹೇಳಿದ್ದರೆ ಎಷ್ಟೋ ವಾಸಿಯಿತ್ತು ಎಂದು ಈಗ ಅನ್ನಿಸಿತು. ಸುಳ್ಳು ಹೇಳಿದವನ ಕೈ ಅಷ್ಟು ಜೋರಾಗಿ ಏಳುತ್ತಿರಲಿಲ್ಲ.

ಸದ್ದು ಕೇಳಿ ಡಾಕ್ಟರು ಒಳಗಿನಿಂದ ಬಂದರು. ಬಗ್ಗಿ ನೋಡಿ ಚಪ್ಪಾಳೆ ತಟ್ಟಿ ನಕ್ಕರು. "ಅರೆರೇ, ನಮ್ದೇ ಕಣ್ರೀ ಇದು! ಚಿಕ್ಕದಿದ್ದಾಗ ನುಗ್ಗಿ, ಬೆಳೆದ ಮೇಲೆ ಹೊರಗೆ ಬರೋಕಾಗಿಲ್ಲ. ನೀರಿನ ಜೊತೆ ಬಿದ್ದ ಚೂರುಪಾರು ತಿಂದ್ಕೊಂಡು ಆರು ವರ್ಷ! ಎಂಥ ಗಟ್ಟಿ ಪಿಂಡ ನೋಡಿ!" ಎಂದು ಫೋನು ತೆಗೆದು ಫೋಟೋ ಹೊಡೆದರು.

"ಸಾರ್, ನನ್ನ ಭಾವಮೈದ..." ಎಂದ ಮೇಸ್ತ್ರಿ.

ಡಾಕ್ಟರ ನಗು ಅರ್ಧಕ್ಕೆ ನಿಂತಿತು. "ಓ. ಹೌದಲ್ಲ. ಪಾಪ" ಎಂದರು. ಫೋನು ಜೇಬಿಗಿಟ್ಟು, "ಹೋಗ್ಲಿ ಬಿಡಿ, ಆಗಿದ್ದು ಆಗಿಹೋಯ್ತು" ಎಂದರು. ಒಬ್ಬ ಮನುಷ್ಯನ ಆರು ವರ್ಷಕ್ಕೆ ಅಷ್ಟೇ ಮಾತು. ಮೇಸ್ತ್ರಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ಯಾವ ಬಾಯಿಂದ ಕೋಪಿಸಿಕೊಳ್ಳುವುದು? ಕೊರೆಯುವ ಯಂತ್ರವನ್ನು ಅಲ್ಲೇ ಬಿಟ್ಟ. ಮೀನನ್ನು ದೊಡ್ಡ ಬಕೆಟ್ಟಿಗೆ ಇಳಿಸಿಕೊಂಡು, "ಒಂದು ಗಂಟೆ ಕೊಡಿ ಟೀಚರ್" ಎಂದಷ್ಟೇ ಹೇಳಿ ಹೊರಟ.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ಬಕೆಟ್ಟು ಕೆಳಗಿಟ್ಟು ಎಲ್ಲ ಹೇಳಿದ. ಇಕ್ಕಳದ ಗುರುತನ್ನೂ ಮುಚ್ಚಿಡಲಿಲ್ಲ. ಅವಳು ಕಿರುಚಾಡುತ್ತಾಳೆ ಅಂದುಕೊಂಡಿದ್ದ, ಕಿರುಚಾಡಲಿ ಎಂದು ಹಾರೈಸಿಯೂ ಇದ್ದ. ಅವಳು ಮೀನನ್ನು ನೋಡಿದಳು, ಗಂಡನ ಮುಖ ನೋಡಿದಳು. ಮಡಿಸುತ್ತಿದ್ದ ಅಂಗಿಯನ್ನು ಹಾಗೇ ಬಿಟ್ಟು ಚಪ್ಪಲಿ ಮೆಟ್ಟಿದಳು. "ನಡೀರಿ" ಎಂದಳು.

ಭಾವಮೈದ ಊರಿನ ಇನ್ನೊಂದು ತುದಿಯ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಿದ್ದ. ಮೂವತ್ತನಾಲ್ಕಕ್ಕೇ ಕೂದಲು ಹಣ್ಣಾಗಿತ್ತು. ಅಕ್ಕನನ್ನು ಕಂಡು ಮುಖ ಅರಳಿತು, ಹಿಂದೆ ಬಂದ ಭಾವನನ್ನು ಕಂಡು ಬಾಡಿತು. ಮೇಸ್ತ್ರಿ ಹೊಸಿಲ ಹೊರಗೇ ನಿಂತು ಬಕೆಟ್ಟನ್ನು ಒಳಕ್ಕೆ ಸರಿಸಿ, "ಗೂಡಲ್ಲೇ ಇತ್ತು ಕಣೋ" ಎಂದ. "ಬಾಚಣಿಗೆ ಹಲ್ಲು ಮುರಿದಿದ್ದು ನಾನೇ. ನೀನು ಹೇಳಿದ್ದು ನಿಜ. ನನ್ನಿಂದ ತಪ್ಪಾಯ್ತು. ಮನೆಗೆ ಬಾ."

ಭಾವಮೈದ ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ, ಸ್ವಿಚ್ಚು ಆರಿಸಿ, ಬಕೆಟ್ಟಿನ ಮುಂದೆ ಕುಕ್ಕುರುಗಾಲಲ್ಲಿ ಕೂತ. ಖುಷಿಪಡುತ್ತಾನೋ, ಬೈಯುತ್ತಾನೋ, ಬಕೆಟ್ಟು ಎತ್ತಿ ತಲೆಯ ಮೇಲೆ ಸುರಿಯುತ್ತಾನೋ, ಎಲ್ಲಕ್ಕೂ ಮೇಸ್ತ್ರಿ ತಯಾರಾಗಿ ನಿಂತಿದ್ದ.

"ಅಕ್ಕಾ" ಎಂದ ಅವನು, ಭಾವನ ಕಡೆ ತಿರುಗದೆ. "ಅಮ್ಮ ಸಾಯೋ ಮುಂಚೆ ದೊಡ್ಡಾಸ್ಪತ್ರೆಯಲ್ಲಿ ಐದು ದಿನ ಇದ್ದಳಲ್ಲ. ದಿನಾ ನನ್ನ ಕೈ ಹಿಡ್ಕೊಂಡು ಕೇಳೋಳು, 'ಕದ್ದಿದ್ರೆ ಕದ್ದೆ ಅಂತ ಹೇಳಿಬಿಡು ಮಗಾ, ನಾನು ಕ್ಷಮಿಸಿ ಹೋಗ್ತೀನಿ' ಅಂತ. ನಾಲ್ಕು ದಿನ ಇಲ್ಲ ಅಂದೆ. ಇಲ್ಲ ಅಂದಷ್ಟೂ ಅಳೋಳು. ಸಾಯೋ ಹೊತ್ತಲ್ಲೂ ಸುಳ್ಳು ಹೇಳ್ತಾನೆ ಅಂತ. ಐದನೇ ದಿನ, ಹೌದಮ್ಮ, ಕದ್ದೆ ಅಂದುಬಿಟ್ಟೆ."

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ತಲೆ ಸವರಿದಳು. ಯಾರಿಗೂ ಹೇಳಲ್ಲ ಅಂದಳು. ಆಮೇಲೇ ಅಕ್ಕಾ ಅವಳು ನಿದ್ದೆ ಮಾಡಿದ್ದು." ಭಾವಮೈದ ಬಕೆಟ್ಟಿನೊಳಗೆ ಬೆರಳು ಅದ್ದಿದ. ಮೀನು ಸರಕ್ಕನೆ ಹಿಂದೆ ಸರಿಯಿತು. "ಭಾವ, ನಿಮ್ಮನೆಗೆ ಬರ್ತೀನಿ, ಬರಲ್ಲ ಅನ್ನಲ್ಲ. ಆದರೆ ಅವಳು ಕಳ್ಳನ ತಾಯಿ ಅನ್ಕೊಂಡೇ ಹೋದಳಲ್ಲ. ಅವಳಿಗೆ ಯಾರು ಹೇಳ್ತೀರಿ?"

ಹೆಂಡತಿ ಮೇಸ್ತ್ರಿಯನ್ನು ದಾಟಿ ಒಳಗೆ ಹೋಗಿ ತಮ್ಮನ ಪಕ್ಕ ನೆಲದ ಮೇಲೆ ಕೂತಳು. ಮೇಸ್ತ್ರಿ ಲಾಂಡ್ರಿಯ ಹೊಸಿಲಿನ ಹೊರಗೇ ನಿಂತಿದ್ದ. ಒಳಗೆ ಬನ್ನಿ ಎಂದು ಯಾರೂ ಅವನನ್ನು ಕರೆಯಲಿಲ್ಲ, ಕರೆಯಲಿ ಎಂದು ಅವನೂ ಕಾಯಲಿಲ್ಲ.